ಅಕ್ಕಾರು ಕೇಳಿದ ತೊಳೆಯದ ಕಲ್ಲು

ನನ್ನ ಅಂಗಿಯ ಕಿಸೆಯಲ್ಲಿರುವ ಈ ಮಡಚುವ ಭೂತಗನ್ನಡಿ ನನಗೆ ಒಂದು ಅಂಗಳಕ್ಕೆ ಹಾಸಿದ ಫರಸಿಯ ಬೆಲೆಗೆ ಬಿದ್ದಿದೆ. ಕಲ್ಲು ನನ್ನದು, ಟ್ರ್ಯಾಕ್ಟರಿನ ಬಾಡಿಗೆ ನನ್ನದು, ಗೌಂಡಿಯ ಪಗಾರ ನನ್ನದು. ಅಂಗಳ ಮಾತ್ರ ನನ್ನದಲ್ಲ. ಹೆಬ್ಬೆರಳಿನ ಉಗುರಿನಷ್ಟು ಗಾಜಿಗೆ ಅಷ್ಟು ಕೊಟ್ಟೆ ಎಂದರೆ ಮೂಡಲಗಿಯ ಗೆಳೆಯರು ಈಗಲೂ ನಗುತ್ತಾರೆ. ಕೈಗಾಡಿಯ ಮೇಲೆ ಕಲ್ಲು ಹೇರಿ ವ್ಯಾಪಾರ ಶುರು ಮಾಡಿದವನು ನಾನು. ಹೇಳಿದ ಬೆಲೆಗೆ ಒಂದು ಸಿವುಡು ಕೊತ್ತಂಬರಿಯನ್ನೂ ಕೊಂಡವನಲ್ಲ. ಈ ವ್ಯವಹಾರದಲ್ಲಿ ಮಾತ್ರ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡೆ. ಯಾಕೆ ಎಂದು ತಿಳಿಯಬೇಕಾದರೆ ಇಂದುಮತಿ ಅಕ್ಕಾರ ವಿಷಯ ಹೇಳಬೇಕು.

ಅಕ್ಕಾರು ಕಲ್ಲು ನೆಕ್ಕುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದೇ ಹಾಗೆ. ಗೋಕಾಕದ ನನ್ನ ಫರಸಿ ಅಂಗಡಿಯ ಹಿತ್ತಲಿನಲ್ಲಿ, ಮೂಲೆಗೆ ತಳ್ಳಿದ್ದ ಚಪ್ಪಡಿಗಳ ಮುಂದೆ, ಅರವತ್ತು ದಾಟಿದ ಒಬ್ಬ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಗ್ಗಿ ನಿಂತಿದ್ದರು. ನಾಲಿಗೆಯನ್ನು ಕಲ್ಲಿಗೆ ತಾಗಿಸಿದರು. ಆಮೇಲೆ ಕೊರಳಿನ ದಾರಕ್ಕೆ ಕಟ್ಟಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಹಚ್ಚಿ, ಮೂಗು ತಾಗುವಷ್ಟು ಹತ್ತಿರ ಹೋದರು.

"ಏನ್ರಿ, ಕಲ್ಲಿನ ರುಚಿ ಹೆಂಗೈತಿ?" ಎಂದೆ.

ತಲೆ ಎತ್ತಲಿಲ್ಲ. "ನೀರ ಹತ್ರ ಇರಲಿಲ್ಲ, ಅದಕ್ಕ. ಒಣಾ ಕಲ್ಲ ಮಾರಿ ಮುಚ್ಚಕೊಂಡಿರತೈತಿ, ಹಸಿ ಮಾಡಿದ್ರ ತೋರಸತೈತಿ. ಈ ಕರಿ ಪಟ್ಟಿ ಇದ್ದ ಕಲ್ಲ ಇನ್ನೂ ಎಷ್ಟ ಅದಾವ್ರಿ?"

ನಮ್ಮ ಸೀಮೆಯ ಗುಲಾಬಿ ಬಣ್ಣದ ಮರಳುಗಲ್ಲಿನಲ್ಲಿ ಕೆಲವೊಮ್ಮೆ ಕಾಡಿಗೆ ಎಳೆದಂತೆ ಕಪ್ಪು ಗೆರೆಗಳು ಬರುತ್ತವೆ. ಗಿರಾಕಿಗಳು ಅದನ್ನು ಕಲೆ ಎನ್ನುತ್ತಾರೆ, ಮುಟ್ಟುವುದಿಲ್ಲ. ಯಾರೂ ಒಯ್ಯದ ಮಾಲನ್ನು ಒಬ್ಬರು ಹುಡುಕಿಕೊಂಡು ಬಂದರೆ ಬುದ್ಧಿವಂತ ವ್ಯಾಪಾರಿ ಏನು ಮಾಡಬೇಕು? ನಾನು ತಕ್ಷಣ ಬೆಲೆ ಏರಿಸಿದೆ.

"ಅದು ಸ್ಪೆಷಲ್ ಮಾಲ್ ರಿ. ರೇಟ್ ಜಾಸ್ತಿ ಬೀಳತೈತಿ."

ಆಗ ಅವರು ತಲೆ ಎತ್ತಿದರು. ಚಪ್ಪಡಿಗಳ ಆ ಕೊನೆಯಲ್ಲಿ ನಮ್ಮ ಮನೆಯ ಕೋಳಿ ಕಾವು ಕೂತಿತ್ತು. "ಸ್ಪೆಷಲ್ ಮಾಲಿನ ಮ್ಯಾಲ ಕೋಳಿ ಕುಂದ್ರಸ್ತೀರೇನ್ರಿ ಸಾವಕಾರ್ರ?" ಎಂದರು.

ಅಂದಿನಿಂದ ನಾನು ಅವರಿಗೆ ಸಾವಕಾರ, ಅವರು ನನಗೆ ಅಕ್ಕಾರು. ಬೇರೆ ಊರಿನ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ, ನಿವೃತ್ತರಾದ ಮೇಲೆ ಗೋಕಾಕ ಫಾಲ್ಸಿನಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದರು. ಮದುವೆಯಾಗಿರಲಿಲ್ಲ. ಜಲಪಾತದ ಸದ್ದು ಮನೆಯೊಳಗೆಲ್ಲ ಇರುತ್ತಿತ್ತು. ಅಕ್ಕಾರೂ ಆ ನೀರಿನಂತೆಯೇ, ಒಂದು ಕಡೆ ನಿಂತವರಲ್ಲ. ಕುರ್ಚಿ ಹಾಕಿದರೆ ಅದರ ಬೆನ್ನು ಹಿಡಿದು ನಿಲ್ಲುವರು. ಚಹಾ ಕೊಟ್ಟರೆ ಅಂಗಡಿಯ ಈ ತುದಿಯಲ್ಲಿ ಲೋಟ ತೆಗೆದುಕೊಂಡು ಆ ತುದಿಯಲ್ಲಿ ಖಾಲಿ ಮಾಡುವರು. ಮಾತಿನ ನಡುವೆ ಹೊರಗೆ ಟ್ರ್ಯಾಕ್ಟರ್ ನಿಂತ ಸದ್ದಾದರೆ ಮಾತು ಅಲ್ಲಿಗೇ ಬಿತ್ತು. ಹೊಸ ಕಲ್ಲು ಬಂದಿದೆಯೇ ಎಂದು ಓಡುವರು. "ಲಗೂ ನಡೀರಿ ಸಾವಕಾರ್ರ. ಕಲ್ಲು ಕಾಯ್ತಾವು, ನಾ ಕಾಯೂದಿಲ್ಲ" ಎನ್ನುವುದು ಅವರ ಬಾಯಿಪಾಠ. ಅವರು ಬಂದು ಹೋದ ಮೇಲೆ ನನಗೂ ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಆಗುತ್ತಿರಲಿಲ್ಲ. ಏನೋ ಎಲ್ಲೋ ಕೈತಪ್ಪಿ ಹೋಗುತ್ತಿದೆ ಎನ್ನಿಸುತ್ತಿತ್ತು.

ಅವರ ಬೆಲೆ ನನಗೆ ತಿಳಿದದ್ದು ವಜ್ರದ ಪ್ರಕರಣದಲ್ಲಿ. ಹುಕ್ಕೇರಿ ಕಡೆಯ ದಲಾಲ ರಾಯಪ್ಪ ಒಂದು ಔಷಧದ ಶೀಶೆ ತಂದು ನನ್ನ ಮುಂದಿಟ್ಟ. ಒಳಗೆ ಅರಳೆ, ಅರಳೆಯಲ್ಲಿ ಗಸಗಸೆಗಿಂತ ತುಸು ದೊಡ್ಡದಾದ ಕೆಲವು ಹರಳುಗಳು. ನೀಲಿಯೋ ಕಪ್ಪೋ ಹೇಳಲು ಬರದ ಬಣ್ಣ; ಬಿಸಿಲಿಗೆ ಹಿಡಿದರೆ ಕಣ್ಣು ಚುಚ್ಚುವ ಹೊಳಪು. ಬೆಲ್ಲದ ಬಾಗೇವಾಡಿಯ ದಾರಿಯಲ್ಲಿ ಕಲ್ಲಿನ ಖಣಿಯ ಬಾಜೂ ಇರುವ ಹೊಲದ್ದಂತೆ. ಹೊಲದವನಿಗೆ ಇದರ ಗಂಧವಿಲ್ಲ, ಬೇಗ ಸಂಚಕಾರದ ಮುಂಗಡ ಕೊಟ್ಟರೆ ಹೊಲ ನಮ್ಮದು ಎಂದು ಪಿಸುಗುಟ್ಟಿದ. ನಾನು ಹಣದ ಚೀಲ ಹೆಗಲಿಗೆ ಹಾಕಿಕೊಂಡದ್ದು ಖರೆ. ಆದರೆ ಮಾಲನ್ನು ಬಲ್ಲವರಿಗೆ ತೋರಿಸದೆ ಮುಂಗಡ ಕೊಟ್ಟು ನನಗೆ ರೂಢಿಯಿಲ್ಲ. ರಾಯಪ್ಪನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಅಕ್ಕಾರ ಮನೆಗೆ ಹೋದೆ.

ಅಕ್ಕಾರು ಮೇಣದ ತುಣುಕಿನಲ್ಲಿ ಒಂದು ಹರಳನ್ನು ಊರಿದರು. ಚೂಪಾದ ಬೆಣಚುಕಲ್ಲಿನ ಚೂರಿನಿಂದ ಅದರ ಮೈಮೇಲೆ ಗೀರಿದರು. ಭೂತಗನ್ನಡಿ ನನ್ನ ಕೈಗೆ ಕೊಟ್ಟರು.

"ಗೀರು ಬಿದ್ದೈತಿ ಏನ್ ಇಲ್ಲ?"

"ಬಿದ್ದೈತ್ರಿ."

"ವಜ್ರಾ ಇದ್ದಿದ್ರ ಬೆಣಚಿಗಿ ಗೀರು ಬೀಳ್ತಿತ್ತು. ಈಗ ಆಕಾರ ನೋಡ್ರಿ."

ನೋಡಿದೆ. ಎರಡು ಗೋಪುರಗಳನ್ನು ಬುಡಕ್ಕೆ ಬುಡ ಕೂಡಿಸಿದಂತೆ, ಎರಡೂ ಕಡೆ ಚೂಪು. ವಜ್ರವೂ ಹೀಗೇ ಇರುವುದುಂಟಂತೆ, ಆದರೆ ಅದು ಗಿಡ್ಡ; ಇದು ಎಳೆದಂತೆ ನೀಳ. ಮುಖಗಳ ಮೇಲೆ ಅಡ್ಡಡ್ಡ ಸಣ್ಣ ಗೆರೆಗಳು, ಸೀರೆಯ ಅಂಚಿನಲ್ಲಿ ನೇಯ್ದ ಹಾಗೆ.

"ಇದು ಅನಟೇಸ್. ಟೈಟೇನಿಯಮ್ಮಿನ ಹರಳು" ಎಂದರು ಅಕ್ಕಾರು.

"ನಮ್ಮ ಮಾವನ ಮೊಣಕಾಲಾಗ ಹಾಕ್ಯಾರಲ್ರಿ, ಆ ಟೈಟೇನಿಯಂ?"

"ಅದ. ನಿಮ್ಮ ಗ್ವಾಡಿಗಿ ಹಚ್ಚಿದ ಬಿಳಿ ಬಣ್ಣದಾಗೂ ಅದ ಐತಿ. ಇವರು ಮೂವರು ಅಕ್ಕ-ತಂಗೇರು. ಹಿಟ್ಟ ಒಂದ, ಅಡಿಗಿ ಬ್ಯಾರೆ. ಶ್ಯಾವಿಗಿಯಂಗ ಸಣ್ಣಾಗಿ ನೆಟ್ಟಗ ಬೆಳೆದಾಕಿ ರುಟೈಲ್, ಕೆಂಪನಾಕಿ. ಕಡಬಿನಂಗ ಎರಡೂ ಕಡೆ ಚೂಪ ಆದಾಕಿ ಈ ಅನಟೇಸ್. ರೊಟ್ಟಿಯಂಗ ತೆಳ್ಳಗ ಬಡದಾಕಿ ಬ್ರೂಕೈಟ್, ಆಕಿ ಮ್ಯಾಲ ಗೆರಿ ಉದ್ದುದ್ದ ಇರತಾವು. ಮೊದಲಿನ ಇಬ್ಬರು ನಮ್ಮ ಕಡೆ ಸಿಕ್ಕಾರ, ಮೂರನೇದಾಕಿ ಇನ್ನೂ ಕೈಗೆ ಸಿಕ್ಕಿಲ್ಲ."

ರಾಯಪ್ಪ ಬೆವರು ಒರೆಸಿಕೊಂಡ. "ಅಕ್ಕಾರ, ಒಂದ ಸಲ ವಜ್ರಾ ಅಂದಿದ್ರ ನಿಮಗೂ ಒಂದ ಪಾಲ ಇತ್ತಲ್ರಿ."

"ನನಗ ಪಾಲ ಬ್ಯಾಡೋ ರಾಯಪ್ಪಾ, ಜಾಗಾ ಹೇಳು. ಕಾಶವ್ವನ ಖಣಿ ಬಾಜೂ ಏನ? ಲಗೂ ನಡೀರಿ."

ಕಾಶವ್ವ ಮತ್ತು ಅವಳ ಗಂಡ ಸೇರಿ ನಡೆಸುವ ಸಣ್ಣ ಖಣಿ ಅದು. ಗಂಡ ಕಲ್ಲು ಎಬ್ಬಿಸುತ್ತಾನೆ, ವ್ಯವಹಾರ ಕಾಶವ್ವನದು. ಚೌಕಾಸಿಯಲ್ಲಿ ನನ್ನನ್ನು ನೆಲಕ್ಕೆ ಕೆಡವಬಲ್ಲ ಹೆಂಗಸು ಈ ಮೂರು ತಾಲೂಕುಗಳಲ್ಲಿ ಅವಳೊಬ್ಬಳೇ. ಅಕ್ಕಾರು ಅಲ್ಲಿಗೆ ಬಹಳ ವರ್ಷಗಳಿಂದ ಹೋಗಿಬರುತ್ತಿದ್ದರು ಎಂದು ನನಗೆ ಆ ದಿನ ತಿಳಿಯಿತು. ಹೊಲ, ಖಣಿ ನೋಡಿ ಹೊರಡುವ ಹೊತ್ತಿಗೆ ಕಾಶವ್ವ ಅವರನ್ನು ಒಳಗೆ ಕರೆದು, ಮಣೆ ಹಾಕಿ, ಮುತ್ತೈದೆಗೆ ಮಡಿಲು ತುಂಬುವಂತೆ ಉಡಿ ತುಂಬಿದಳು. ಅಕ್ಕಿ, ಬಟ್ಟಲು ಕೊಬ್ಬರಿ, ಅರಿಸಿನ ಹಚ್ಚಿದ ಬಟ್ಟೆಯ ಗಂಟು. ಗಂಟಿನೊಳಗೆ ಅವೇ ಹರಳುಗಳು. ಕಲ್ಲಿನ ಬಿರುಕಿನಲ್ಲಿ ಕಂಡದ್ದನ್ನೆಲ್ಲ ದಬ್ಬಣದ ಮೊನೆಯಿಂದ ಎಬ್ಬಿಸಿ, ಹುಣಸೆಹುಳಿ ಬೂದಿ ಹಚ್ಚಿ ದೇವರ ಸಾಮಾನಿನಂತೆ ತಿಕ್ಕಿ, ತೊಳೆದು, ಒಣಗಿಸಿ ಅಕ್ಕಾರಿಗೆಂದು ಕೂಡಿಡುತ್ತಿದ್ದಳು.

ಮದುವೆಯಾಗದ, ವಯಸ್ಸಾದ ಹೆಂಗಸಿಗೆ ಉಡಿ ತುಂಬುವುದು ಎಲ್ಲಿಯದು ಎಂದು ಓಣಿಯಲ್ಲಿ ಗುಸುಗುಸು ಇತ್ತಂತೆ. ಕಾಶವ್ವ ಸೊಪ್ಪು ಹಾಕಿರಲಿಲ್ಲ. "ಕಲ್ಲು ನೋಡಾಕ ಕಲಿಸಿದಾಕಿಗಿ ಉಡಿ ತುಂಬಾಕ ಯಾರ ಅಪ್ಪಣಿ ಬೇಕ್ರಿ?" ಎಂದಳು ನನ್ನ ಮುಂದೆಯೂ. ಅಕ್ಕಾರಿಗೆ ಉಡಿ ತುಂಬುತ್ತಿದ್ದ ಮನೆ ಜಗತ್ತಿನಲ್ಲಿ ಅದೊಂದೇ.

ಮರಳುವ ದಾರಿಯಲ್ಲಿ ಅಕ್ಕಾರು ಗಾಡಿಯ ಹಿಂದೆ ಸುಮ್ಮನೆ ಕೂತಿರಲಿಲ್ಲ; ಗಂಟನ್ನು ಬಿಚ್ಚುವುದು, ಕಟ್ಟುವುದು. ಏನ್ರಿ ಎಂದು ಕೇಳಿದ್ದಕ್ಕೆ ಹೇಳಿದರು. ಈ ಹರಳುಗಳು ಹಳೆಯ ಹೊಳೆ ಉರುಳಿಸಿ ತಂದು ಹಾಕಿದವಲ್ಲ, ಕಲ್ಲು ಕಲ್ಲಾದ ಮೇಲೆ ಅದರ ಬಿರುಕಿನಲ್ಲೇ ಬೆಳೆದವು ಎಂಬುದು ಅವರ ವಾದ. ಅಕ್ಕಿ ತೊಳೆದಾಗ ಹಳ್ಳು ತಳಕ್ಕೆ ಕೂರುವಂತೆ, ಹೊಳೆಯ ಮರಳಿನಲ್ಲಿ ಭಾರದ ಕರಿ ಕಾಳುಗಳು ಒಂದು ಕಡೆ ಸೇರಿ ಆ ಕಪ್ಪು ಪಟ್ಟಿ ಆಗಿದೆ. ಆ ಕಾಳುಗಳಲ್ಲಿ ಟೈಟೇನಿಯಂ ಇದೆ. ಅದು ಯಾವ ಕಾಲದಲ್ಲೋ ನಿಧಾನವಾಗಿ ಕರಗಿ, ಬಿರುಕಿಗೆ ಇಳಿದು, ಹೊಸ ಹರಳಾಯಿತು. ನೌಕರಿಯಲ್ಲಿದ್ದಾಗ ಒಂದು ಸಭೆಯಲ್ಲಿ ಇದನ್ನು ಹೇಳಿದರು. ಹಿರಿಯರೊಬ್ಬರು ಹರಳುಗಳನ್ನು ಅಂಗೈಯಲ್ಲಿ ಉರುಳಿಸಿ ನೋಡಿ, ಎಲ್ಲಿಂದಲೋ ಕಿತ್ತು ತೊಳೆದು ತಂದದ್ದಕ್ಕೆ ಏನು ಸಾಕ್ಷಿ, "ನಿಮ್ಮ ಹರಳಿಗೆ ಊರೇ ಇಲ್ಲವಲ್ಲ" ಎಂದರಂತೆ. ಸಭೆ ನಕ್ಕಿತಂತೆ.

"ಆ ನಗಿ ಇನ್ನೂ ಕಿವಿಯಾಗ ಐತಿ. ಕಲ್ಲಿನಾಗ ಕುಂತಿದ್ದ ಒಂದ ಹರಳು, ಕುಂತಂಗ, ಮಣ್ಣ ಸಮೇತ ಸಿಕ್ಕ್ರ ಸಾಕು."

"ಹಂಗಾರ ಕಾಶವ್ವಗ ತೊಳೀಬ್ಯಾಡ ಅನ್ರಿ. ಅದಕ್ಯಾಕ ಇಷ್ಟ ಒದ್ದಾಡ್ತೀರಿ? ನಾ ಹೇಳ್ತೇನಿ."

"ಹೇಳೀರಿ ಗೀಳೀರಿ! ಉಡಿ ತುಂಬಿದಾಕಿಗಿ ನಿನ್ನ ಉಡಿ ಉಪಯೋಗಿಲ್ಲ ಅಂತ ಹೆಂಗ ಹೇಳೂದ್ರಿ?"

ನನಗೆ ತಡೆಯುವುದು ಕಷ್ಟವಾಯಿತು, ಆದರೂ ಕಾಶವ್ವನಿಗೆ ಏನೂ ಹೇಳಲಿಲ್ಲ. ನನ್ನ ಕೈಯಲ್ಲಿ ಆಗುವುದನ್ನು ಮಾಡಿದೆ: ಬಿರುಕು ಇಳಿದಿರುವ ಗೋಡೆಯನ್ನು ಸಿಡಿಮದ್ದು ಇಡದೆ, ಪದರ ಪದರವಾಗಿ ಉಳಿಯಿಂದಲೇ ಎಬ್ಬಿಸಬೇಕು, ಕರಿ ಪಟ್ಟಿಯ ಕಲ್ಲನ್ನೆಲ್ಲ ನಾನೇ ಒಯ್ಯುತ್ತೇನೆ ಎಂದು ಕಾಶವ್ವನ ಗಂಡನ ಜೊತೆ ಮಾತು ಮಾಡಿಕೊಂಡೆ. ಬೇಸಿಗೆ ಮುಗಿಯುತ್ತ ಬಂತು. ಮಿರಗದ ಮಳೆ ಹಿಡಿದರೆ ಖಣಿ ತುಂಬುತ್ತದೆ, ದೀಪಾವಳಿಯವರೆಗೆ ಒಂದು ಕಲ್ಲೂ ಮೇಲೆ ಬರುವುದಿಲ್ಲ. ಅಕ್ಕಾರಿಗೆ ಆಗಲೇ ಎದೆಯ ತೊಂದರೆ ಶುರುವಾಗಿತ್ತು. ಡಾಕ್ಟರು ಏರು-ಇಳಿವು ಬೇಡ ಎಂದಿದ್ದರು. ದಿನಕ್ಕೆ ಹತ್ತು ಸಲ ಫೋನು. "ಮೋಡ ಆಗೈತೇನ್ರಿ ಆ ಕಡೆ?" ನಾನು ಗಿರಾಕಿಗೆ ರೇಟು ಹೇಳುತ್ತ ಪಶ್ಚಿಮದ ಆಕಾಶ ನೋಡುವಂತಾಯಿತು. ಒಂದೊಂದು ಚಪ್ಪಡಿ ಮಾರುವಾಗಲೂ, ಇದರ ಅಂಚಿನಲ್ಲೇ ಇತ್ತೇನೋ ಎಂದು ಜೀವ ಚುಳ್ಳೆನ್ನುತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಅಕ್ಕಾರೇ ನನ್ನನ್ನು ಹೊರಡಿಸಿಕೊಂಡು ಹೋದರು. ಕಾಶವ್ವನ ಮನೆಯ ಮುಂದೆ ಆ ಕಡೆ ಈ ಕಡೆ ನಡೆದರು. ಅವಳು ಮಣೆ ತಂದಾಗ ಒಮ್ಮೆಲೇ ಅಂದರು:

"ಕಾಶವ್ವಾ, ಈ ಸಲ ಉಡಿಯಾಗ ಮಣ್ಣ ಹಾಕವ್ವಾ."

ಕಾಶವ್ವನ ಕೈಯಲ್ಲಿದ್ದ ಮಣೆ ಹಾಗೇ ನಿಂತಿತು. "ಏನ್ ಮಾತ್ರಿ ಅಕ್ಕಾರ? ಉಡಿಯಾಗ ಮಣ್ಣ ಹಾಕೂದಂದ್ರ? ನಾ ಏನ್ ತಪ್ಪ ಮಾಡೇನಿ?"

"ತಪ್ಪಲ್ಲ. ಹರಳು ಕಂಡ್ರ ಎಬ್ಬಸಬ್ಯಾಡ, ತೊಳೀಬ್ಯಾಡ. ಕಲ್ಲಿನಾಗ ಕುಂತದ್ದು ಕುಂತಂಗ ಇರ್ಲಿ. ತೊಳದ್ರ ಆಕಿ ಯಾವೂರಾಕಿ ಅನ್ನೂದು ಹೋಗತೈತಿ."

ಕಾಶವ್ವ ಮಣೆಯನ್ನು ಕೆಳಗಿಟ್ಟಳು. ವ್ಯವಹಾರದ ಹೆಂಗಸು, ತಕ್ಷಣ ಲೆಕ್ಕ ಹಾಕಿಬಿಟ್ಟಿದ್ದಳು. "ಅಂದ್ರ ಇಷ್ಟ ವರ್ಷ ನಾ ಕೊಟ್ಟಿದ್ದೆಲ್ಲ..."

"ನನ್ನ ದೇವರ ಜಗಲಿ ಮ್ಯಾಲ ಅದಾವ. ಒಂದೂ ಕಳದಿಲ್ಲ."

"ಕೆಲಸಕ್ಕ ಬಂದಿಲ್ಲ ಅನ್ರಲ್ಲ" ಎಂದು ಅವಳು ಮುಖ ತಿರುಗಿಸಿದಳು. ಆ ದಿನ ಉಡಿ ತುಂಬಲಿಲ್ಲ. ಅಕ್ಕಾರು ದಾರಿಯುದ್ದಕ್ಕೂ ಬೆರಳಿನಿಂದ ನನ್ನ ಗಾಡಿಯ ಸೀಟು ಕುಟ್ಟುತ್ತಲೇ ಇದ್ದರು.

ಮಳೆ ಹಿಡಿದ ದಿನ ಅವರು ನನ್ನ ಅಂಗಡಿಯಲ್ಲಿದ್ದರು. ಖಣಿಗೆ ನೀರು ಇಳಿಯುತ್ತಿದೆ ಎಂದು ಕಾಶವ್ವನ ಗಂಡ ಫೋನು ಮಾಡಿದ್ದ. ಅದರ ಮೇಲೆ ಏನು ಕೇಳಿದರೂ "ಆಕಿನ್ನ ಕೇಳ್ರಿ" ಎಂದು ಇಟ್ಟುಬಿಟ್ಟ. ಅಕ್ಕಾರು ತಗಡಿನ ಮಾಡಿನ ಕೆಳಗೆ ಚಪ್ಪಡಿಗಳ ನಡುವೆ ಸುತ್ತು ಹಾಕುತ್ತಿದ್ದರು. ಎದೆಯ ಮೇಲೆ ಕೈ ಇತ್ತು. ಕೂರ್ರಿ ಎಂದರೆ ನನ್ನ ಮೇಲೇ ರೇಗಿದರು.

ಹುಕ್ಕೇರಿ ಬಸ್ಸು ಬಂದು ನಿಂತಿತು. ಕಾಶವ್ವ ಇಳಿದಳು. ಸೊಂಟದ ಮೇಲೆ ಬುಟ್ಟಿ. ಕೈಯಲ್ಲಿ ಛತ್ರಿ ಇತ್ತು, ಆದರೆ ಅದು ಇದ್ದದ್ದು ಬುಟ್ಟಿಯ ಮೇಲೆ. ಅವಳು ತಲೆಯಿಂದ ಕಾಲಿನವರೆಗೆ ತೊಯ್ದು ಹೋಗಿದ್ದಳು.

"ಏನಬೇ ಕಾಶವ್ವಾ, ಕಲ್ಲಿಗಿ ಛತ್ರಿ ಹಿಡದೀಯಲ್ಲ?" ಎಂದೆ.

"ಅಕ್ಕಾರು ತೊಳೀಬ್ಯಾಡ ಅಂದಾರ. ಮಳಿ ತೊಳದ್ರ ನಾಳೆ ಮಳೀ ಮ್ಯಾಲ ಹೇಳಾಕ ಬರತೈತೇನ್ರಿ?"

ಬುಟ್ಟಿಯಲ್ಲಿ ರೊಟ್ಟಿಯ ಬಟ್ಟೆ, ಬಟ್ಟೆಯೊಳಗೆ ಎರಡು ಅಂಗೈಯಷ್ಟು ಅಗಲದ ಒಂದು ಕಲ್ಲು. ಒಂದು ಅಂಚಿಗೆ ಕರಿ ಪಟ್ಟಿ. ಅದನ್ನು ಕತ್ತರಿಸಿ ಇಳಿದ ಬಿರುಕು. ಬಿರುಕಿನ ಒಳಗೋಡೆಗೆ ಬೆಣಚಿನ ಸಣ್ಣ ಹಲ್ಲುಗಳು. ಹಲ್ಲುಗಳ ನಡುವೆ, ಕೆಸರು ಮೆತ್ತಿಕೊಂಡು, ನೀಲಿಗಪ್ಪು ಹರಳೊಂದು ಚೂಪು ಮೇಲೆ ಮಾಡಿ ಕೂತಿತ್ತು. ಅಕ್ಕಾರು ಭೂತಗನ್ನಡಿ ಹಚ್ಚಿದರು. ನೋಡಿದರು. ಮತ್ತೆ ನೋಡಿದರು. ಮಳೆಯ ಸದ್ದಿನಲ್ಲಿ ಅವರ ಉಸಿರಿನ ಸದ್ದೂ ಕೇಳುತ್ತಿತ್ತು.

ಆಮೇಲೆ ಅಕ್ಕಾರು ಕೂತರು. ಆ ಕೋಳಿ ಕಾವು ಕೂತಿದ್ದ ಚಪ್ಪಡಿಗಳ ಮೇಲೆಯೇ. ನನ್ನ ಅಂಗಡಿಯಲ್ಲಿ ಅವರು ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಸೆರಗ ಹಿಡೀರಿ" ಎಂದಳು ಕಾಶವ್ವ. ಕಲ್ಲನ್ನು ಮಣ್ಣು ಸಮೇತ ಅವರ ಉಡಿಗೆ ಇಟ್ಟಳು. ಅಲ್ಲಿಯವರೆಗಿನ ಗತ್ತು ಅಲ್ಲಿಗೆ ಇಳಿಯಿತು. "ಸೀರಿಗಿ ರಾಡಿ ಹತ್ತತಲ್ರಿ. ನನಗ ನಾಚಿಕಿ ಆಗಾಕತ್ತೈತಿ."

"ಹತ್ತಲಿ ಬಿಡವ್ವಾ" ಎಂದರು ಅಕ್ಕಾರು. ಕಾಶವ್ವನ ಒದ್ದೆ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಆ ಕಲ್ಲಿನ ಒಂದು ಭಾಗವನ್ನು ಕೊಯ್ದು, ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿ ಸೂಕ್ಷ್ಮದರ್ಶಕದ ಕೆಳಗೆ ನೋಡಿದಳು. ಅವಳ ಫೋನು ಬಂದಾಗ ಅಕ್ಕಾರು ನನಗೂ ಕೇಳಲೆಂದು ಸ್ಪೀಕರ್ ಹಾಕಿದರು. ಹರಳಿನ ಬುಡವನ್ನು ಬಿರುಕಿನ ಬೆಣಚು ಸುತ್ತಿ ಹಿಡಿದಿದೆ. ಅಂಚು ಎಲ್ಲಿಯೂ ಸವೆದಿಲ್ಲ. ಪಕ್ಕದ ಪಟ್ಟಿಯ ಕರಿ ಕಾಳುಗಳು ಒಳಗೊಳಗೇ ತಿಂದು ಹೋಗಿ ಪೊಳ್ಳಾಗಿವೆ. ಉರುಳಿ ಬಂದದ್ದಲ್ಲ, ಅಲ್ಲೇ ಬೆಳೆದದ್ದು.

"ಊರು ಸಿಕ್ಕತಲ್ರಿ ಅಕ್ಕಾರ" ಎಂದೆ. ಅವರು ಕಣ್ಣು ಒರೆಸಿಕೊಂಡರು. ಇನ್ನು ಸಮಾಧಾನವಾಗಿ ಕೂರುತ್ತಾರೆ ಎಂದುಕೊಂಡರೆ, ಫೋನು ಇಟ್ಟವರೇ ಎದ್ದು ಚಪ್ಪಲಿ ಹುಡುಕತೊಡಗಿದರು. "ಹಂಗಾರ ಮೂರನೇದಾಕೀನೂ ಅಲ್ಲೇ ಎಲ್ಲ್ಯಾರೆ ಇರಬೇಕ್ರಿ."

ಹುಡುಕಲು ಅವರಿಗೆ ಆಗಲಿಲ್ಲ. ಚಳಿಗಾಲದ ಹೊತ್ತಿಗೆ ಹಾಸಿಗೆ ಹಿಡಿದರು. ಕೊನೆಯ ಸಲ ಹೋದಾಗ ಕೌದಿಯ ಕೆಳಗೆ ಅವರ ಪಾದಗಳು ನಡೆಯುವವರ ಪಾದಗಳಂತೆ ಆಡುತ್ತಲೇ ಇದ್ದವು. ನಾನು ಆ ಭೂತಗನ್ನಡಿಯನ್ನು ಹಿಂದೆ ಎಷ್ಟೋ ಸಲ ಕೇಳಿದ್ದೆ; ಮಾರಾಟಕ್ಕಿಲ್ಲ ಎಂದಿದ್ದರು. ಈಗ ತಾವೇ ಮಾತೆತ್ತಿದರು.

"ಭೂತಗನ್ನಡಿ ಕೊಡ್ತೇನಿ ಸಾವಕಾರ್ರ. ಕಾಶವ್ವನ ಅಂಗಳಕ್ಕ ಫರಸಿ ಹಾಕಸ್ರಿ. ಖಣಿ ತುಂಬ ಕಲ್ಲು, ಮನಿ ಮುಂದ ಬರೇ ರಾಡಿ."

"ಎಂಥಾ ಫರಸಿ ಹಾಕಸ್ಲಿ?"

"ಸ್ಪೆಷಲ್ ಮಾಲು. ಕೋಳಿ ಕುಂದ್ರೂದು."

ಬಾಯಿ ತೆರೆದೆ, ಮುಚ್ಚಿದೆ. ಗೌಂಡಿ ಕೊನೆಯ ಸಾಲು ಕೂರಿಸುವ ಮೊದಲೇ ಅಕ್ಕಾರು ಹೋದರು.

ಈಗ ಕಾಶವ್ವ ದಿನಾ ಬೆಳಿಗ್ಗೆ ಆ ಅಂಗಳಕ್ಕೆ ನೀರು ಹೊಯ್ದು ತೊಳೆಯುತ್ತಾಳೆ. ಒಣಗಿದಾಗ ಮಂಕಾಗಿರುವ ಕಲ್ಲಿನಲ್ಲಿ ಕರಿ ಪಟ್ಟಿಗಳು ಒಂದೊಂದಾಗಿ ಏಳುತ್ತವೆ, ಹಳೆಯ ಹೊಳೆ ಎಲ್ಲಿ ಹೇಗೆ ತಿರುಗಿತ್ತು ಎಂದು ಕಾಣುತ್ತದೆ. ಆ ಹೊತ್ತಿಗೆ ಹೋದರೆ ಅವಳು ಕಸಬರಿಗೆ ಹಿಡಿದು ನಿಂತು ನೋಡುತ್ತಿರುತ್ತಾಳೆ. "ಇದನ್ನ ತೊಳಿಯಾಕ ಅಡ್ಡಿ ಇಲ್ಲಲ್ರಿ?" ಎಂದು ನನ್ನನ್ನು ಕೇಳುತ್ತಾಳೆ.

ಆದ್ದರಿಂದ ನಿಮಗೆ ಹೇಳುವುದಿಷ್ಟು. ಫರಸಿ ಕೊಳ್ಳುವಾಗ ಒಣ ಕಲ್ಲಿಗೆ ಬೆಲೆ ಕಟ್ಟಬೇಡಿ, ನೀರು ಹಾಕಿ ನೋಡಿ. ನೀರಿಲ್ಲದಿದ್ದರೆ ನಾಲಿಗೆ ಇದೆ, ಯಾರಾದರೂ ನಕ್ಕರೆ ನಗಲಿ. ವಜ್ರ ಎಂದು ಯಾರಾದರೂ ಶೀಶೆ ತಂದರೆ, ಸಂಚಕಾರಕ್ಕೆ ಮೊದಲು ಬೆಣಚಿನ ಚೂರಿನಿಂದ ಗೀರಿ. ಮತ್ತೆ, ಗೋಕಾಕ, ಹುಕ್ಕೇರಿ ಕಡೆಯ ಕಲ್ಲಿನ ಬಿರುಕಿನಲ್ಲಿ ಎಲ್ಲಾದರೂ ಕಂದು ಬಣ್ಣದ ತೆಳ್ಳನೆಯ ಹರಳು, ಮೇಲೆ ಉದ್ದುದ್ದ ಗೆರೆ ಇರುವಂಥದ್ದು ಕಂಡರೆ, ದಬ್ಬಣ ಹಾಕಬೇಡಿ, ಕೆಸರಿದ್ದರೆ ಕೆಸರಿರಲಿ. ಜಾಗ ನೆನಪಿಟ್ಟುಕೊಂಡು ಕಲ್ಲು ಸಮೇತ ನನ್ನ ಅಂಗಡಿಗೆ ತನ್ನಿ. ಮಳೆ ಇದ್ದರೆ ಛತ್ರಿ ಅದಕ್ಕೆ ಹಿಡಿಯಿರಿ. ಬೆಲೆಯ ಮಾತು ಆಮೇಲೆ ಆಡೋಣ, ನಾನೇನೂ ಚೌಕಾಸಿ ಬಿಡುವವನಲ್ಲ. ಮೊದಲು ಭೂತಗನ್ನಡಿಯಲ್ಲಿ ನೋಡೋಣ. ಚಹಾ ತರಿಸುತ್ತೇನೆ, ನಿಂತೇ ಕುಡಿಯೋಣ.